ಸ್ವಂತದ ಹಲ್ಲುನೋವು

ನಮ್ಮ ಊರಿನಲ್ಲಿ ನೋವು ತಂತಿಯ ಮೇಲೆ ಹೋಗುತ್ತದೆ. ಆಸ್ಪತ್ರೆಯವರು ಅದನ್ನು ಕಂಪ್ಯೂಟರಿಗೆ ಹಾಕಿ ಕಳಿಸುತ್ತಾರೆ, ಹೊರೆಮನೆಯವರು ಇಳಿಸಿಕೊಂಡು ಹೊರುತ್ತಾರೆ. ಇವರಿಬ್ಬರ ನಡುವೆ ಕೂತು ಯಾವ ನೋವು ಯಾರ ಕಡೆಗೆ ಎಂದು ದಾರಿ ತೋರಿಸುವುದು ನಮ್ಮ ಆಫೀಸಿನ ಕೆಲಸ. ಬೋರ್ಡಿನ ಮೇಲೆ ಅದಕ್ಕೊಂದು ಉದ್ದನೆಯ ಹೆಸರಿದೆ. ಅದನ್ನು ಪೂರ್ತಿ ಓದಿದವರು ಯಾರೂ ಇಲ್ಲ. ಜನ ನಡುಮನೆ ಎನ್ನುತ್ತಾರೆ. ನಾನು ರಾಚಪ್ಪ, ಅಲ್ಲಿಯ ಗುಮಾಸ್ತ. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈ ದಾಟಿದ ಒಂದು ನೋವೂ ದಾರಿ ತಪ್ಪಿದ್ದಿಲ್ಲ, ಒಂದೂ ನನ್ನ ಬಳಿ ನಿಂತದ್ದಿಲ್ಲ. ಇದನ್ನು ನಾನು ಮದುವೆ ಮನೆಗಳಲ್ಲಿ ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತಿದ್ದೆ.

ಕಾಯಿಲೆ ವಾಸಿ ಮಾಡುವುದು ಡಾಕ್ಟರರೇ. ಹಲ್ಲು ಹಲ್ಲಿನ ಪಾಡಿಗೆ ರೋಗಿಯ ಬಾಯಲ್ಲೇ ವಾಸಿಯಾಗುತ್ತಿರುತ್ತದೆ. ಅಷ್ಟು ದಿನ ಅದರ ನೋವು ಮಾತ್ರ ಬೇರೆಯವರ ಹತ್ತಿರ ಇರುತ್ತದೆ. ಊರಿನಲ್ಲಿ ಹೊರೆಮನೆಗಳು ಎರಡು. ಕತ್ತಿನಿಂದ ಮೇಲಿನ ನೋವೆಲ್ಲ ಕೆರೆಕೋಡಿಯ ಹೊರೆಮನೆಗೆ, ಕತ್ತಿನಿಂದ ಕೆಳಗಿನದೆಲ್ಲ ಬಂಡಿಬೀದಿಯದಕ್ಕೆ. ಕತ್ತು ಯಾರದು ಎಂಬುದು ಹನ್ನೊಂದು ವರ್ಷದಿಂದ ತೀರ್ಮಾನವಾಗಿಲ್ಲ. ಹಾಗಾಗಿ ಕತ್ತು ನೋವಿನವರು ಮಾತ್ರ ನಮ್ಮಲ್ಲಿ ತಮ್ಮ ನೋವನ್ನು ತಾವೇ ಇಟ್ಟುಕೊಂಡು, ಯಾರಾದರೂ ಕೂಗಿದರೆ ಮೈಯನ್ನೆಲ್ಲ ತಿರುಗಿಸಿ ನೋಡುತ್ತಾರೆ.

ನೋವು ಬಂದ ಕೂಡಲೇ ನಾವು ನೋಡುವುದು ನಾಲ್ಕು ಸಂಗತಿ. ಸದಸ್ಯರ ನಂಬರು, ನೋವಿನ ಜಾಗ, ಎಡವೋ ಬಲವೋ, ಎಷ್ಟು ದಿನದ್ದು. ಒಂದು ಬಿಟ್ಟುಹೋಗಿದ್ದರೂ ಹದಿನಾರು ಎಂಬ ನಂಬರು ಹಚ್ಚಿ ವಾಪಸು ಕಳಿಸುತ್ತೇವೆ. ಈಗ ಊರಿನ ಹೆಂಗಸರು ವರ ಒಪ್ಪಿಗೆಯಾಗದಿದ್ದರೂ 'ಹುಡುಗ ಹದಿನಾರು ಕಣೆ' ಎನ್ನುವುದುಂಟು. ನೋವು ನಮ್ಮನ್ನು ದಾಟುವಾಗ ಸೊಳ್ಳೆ ಕಚ್ಚಿದಷ್ಟು ಚುರುಕ್ ಎನ್ನುತ್ತದೆ, ಅಷ್ಟೆ. ಆದರೆ ಅದನ್ನು ನಿಲ್ಲಿಸಿಕೊಳ್ಳಬಾರದು. ಹತ್ತು ಎಣಿಸುವಷ್ಟು ಹೊತ್ತು ನಿಂತ ನೋವು ನಿಲ್ಲಿಸಿಕೊಂಡವರದೇ ಎಂದು ಗೋಡೆಯ ಮೇಲೆ ಬರೆಸಿದ್ದಾರೆ. ಹಾಗೆ ಒಮ್ಮೆ ನಿಂತರೆ ಅದರ ದಿನ ತುಂಬುವವರೆಗೆ ಬಿಡುಗಡೆ ಇಲ್ಲ. ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರು ಒಂದು ದಿನ ಕಾಫಿ ಆರಿಸಿಕೊಳ್ಳುತ್ತ ಕೂತು ಯಾರದೋ ಮೂಲವ್ಯಾಧಿಯನ್ನು ನಿಲ್ಲಿಸಿಕೊಂಡುಬಿಟ್ಟರು. ಆ ಕುರ್ಚಿಗೆ ಈಗಲೂ ಎರಡು ದಿಂಬು ಇವೆ.

ನನ್ನದೊಂದು ಹಳೆಯ ಪ್ರತಾಪವನ್ನೂ ಇಲ್ಲೇ ಹೇಳಿಬಿಡಬೇಕು. ಎಂಟು ವರ್ಷದ ಹಿಂದೆ, ಸಂಕ್ರಾಂತಿಗೆ ಇನ್ನೆರಡು ದಿನ ಇದೆ ಎನ್ನುವಾಗ ನನಗೆ ದವಡೆ ಹಲ್ಲಿನ ನೋವು ಕಿತ್ತುಕೊಂಡು ಬಂತು. ಆಸ್ಪತ್ರೆಗೆ ಹೋದೆ, ನೋವು ಹೊರೆಮನೆಗೆ ಹೋಯಿತು, ಹಬ್ಬದ ದಿನ ಭಾವಮೈದುನನ ಜೊತೆ ಪಂತ ಕಟ್ಟಿ ಎರಡೂವರೆ ಜಲ್ಲೆ ಕಬ್ಬನ್ನು ಅದೇ ಹಲ್ಲಿನಲ್ಲಿ ಸಿಗಿದು ತಿಂದೆ. ನೋವು ಹೋದರೂ ಹಲ್ಲು ನಮ್ಮ ಬಾಯಲ್ಲೇ ಇರುತ್ತದಲ್ಲ, ಅದರ ಮೇಲೆ ಕಡಿದರೆ ಅಲ್ಲಿ ಹೊತ್ತವರಿಗೆ ಚುಚ್ಚುತ್ತದೆ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಯಾರೂ ಯೋಚಿಸುವುದಿಲ್ಲ. ಹೊರುವವರು ಇದ್ದಾರೆ, ಹೊರುತ್ತಾರೆ. ನಾನು ಪಂತ ಗೆದ್ದೆ.

ಊರಿನ ಹಲ್ಲುನೋವುಗಳನ್ನೆಲ್ಲ ಹೊರುತ್ತಿದ್ದವರು ಒಬ್ಬರೇ, ಕೆರೆಕೋಡಿ ಹೊರೆಮನೆಯ ಚಿಕ್ಕಬೋರಯ್ಯ. ನಮಗೆಲ್ಲ ಬೋರಣ್ಣ. ಮೂವತ್ತಾರು ವರ್ಷ ಅವರ ದವಡೆ ಒಂದು ದಿನವೂ ಖಾಲಿ ಇದ್ದದ್ದಿಲ್ಲ. ಮುದ್ದೆ ನುಂಗುವ ಸೀಮೆಯಲ್ಲಿ ಹುಟ್ಟಿದ್ದರಿಂದ ಬದುಕಿದರು. ಅಗಿದು ತಿನ್ನುವ ಸೀಮೆಯಾಗಿದ್ದರೆ ಎಂದೋ ಸೊರಗಿ ಹೋಗುತ್ತಿದ್ದರು. ಅವರ ಹೆಂಡತಿ ಲಕ್ಕಮ್ಮನವರ ಕೋಡುಬಳೆ ಊರಿಗೇ ಹೆಸರುವಾಸಿ. ಪ್ರತಿ ಗೌರಿಹಬ್ಬಕ್ಕೂ ಡಬ್ಬಿಗಟ್ಟಲೆ ಕರಿಯುತ್ತಿದ್ದರು, ನೆಂಟರೆಲ್ಲ ಕಟುಂ ಕಟುಂ ಎಂದು ತಿನ್ನುತ್ತಿದ್ದರು, ಬೋರಣ್ಣ ಆ ಸದ್ದನ್ನು ಕೇಳುತ್ತ ಅಂಬಲಿ ಕುಡಿಯುತ್ತಿದ್ದರು. ರಿಟೈರ್ ಆದ ದಿನ ಒಂದು ಇಡೀ ಕೋಡುಬಳೆಯನ್ನು ಕಚ್ಚಿ ತಿನ್ನಬೇಕು ಎಂಬುದೊಂದೇ ಅವರ ಆಸೆ. ಇದನ್ನು ಅವರು ಮೂವತ್ತು ವರ್ಷದಿಂದ ಎಲ್ಲರ ಹತ್ತಿರವೂ ಹೇಳಿಕೊಂಡು ಬಂದಿದ್ದರು.

ಆ ದಿನವೂ ಬಂತು. ಹೊತ್ತಿದ್ದ ಕೊನೆಯ ನೋವಿನ ದಿನ ತುಂಬಿದ ಮಂಗಳವಾರ ಅವರಿಗೆ ಹಾರ ಹಾಕಿ, ಶಾಲು ಹೊದಿಸಿ ಕಳಿಸಿಕೊಟ್ಟರು. ಲಕ್ಕಮ್ಮ ಹಿಂದಿನ ದಿನವೇ ಕೋಡುಬಳೆ ಕರಿದಿಟ್ಟಿದ್ದರು. ಬೋರಣ್ಣ ಕೈಕಾಲು ತೊಳೆದು, ಮಣೆ ಹಾಕಿಕೊಂಡು ಕೂತು, ಒಂದನ್ನು ತೆಗೆದು ಬಾಯಿಗಿಟ್ಟು ಕಚ್ಚಿದರಂತೆ. ಕಚ್ಚಿದವರೇ ಅಯ್ಯಯ್ಯೋ ಎಂದು ಕೆನ್ನೆ ಹಿಡಿದುಕೊಂಡರಂತೆ. ನಾನು ಆಫೀಸಿಗೆ ಬೀಗ ಹಾಕುತ್ತಿದ್ದೆ, ಫೋನು ಬಡಿದುಕೊಂಡಿತು.

"ಯಾರ್ದಪ್ಪ ಇದು?" ಎಂದರು ಬೋರಣ್ಣ, ಹಲ್ಲು ಕಚ್ಚಿಕೊಳ್ಳಲೂ ಆಗದೆ. "ಹಾರ ಇನ್ನೂ ಬಾಡಿಲ್ಲ, ಆಗ್ಲೇ ಕಳಿಸ್ಬುಟ್ರಲ್ಲ. ಚೀಟಿನೂ ಇಲ್ಲ, ನಂಬರೂ ಇಲ್ಲ. ಮನುಷ್ಯತ್ವ ಐತಾ ನಿಮ್ಗೆ?"

ನಾನು ಗಾಬರಿಯಾಗಿ ಕಂಪ್ಯೂಟರು ತೆರೆದು ನೋಡಿದೆ. ಅಂದು ಇಡೀ ದಿನ ಒಂದು ಹಲ್ಲುನೋವೂ ನಮ್ಮನ್ನು ದಾಟಿರಲಿಲ್ಲ. "ಬೋರಣ್ಣ, ನಾವು ಯಾರದ್ದೂ ಕಳಿಸಿಲ್ಲ" ಎಂದೆ.

"ಯಾರ್ದೂ ಅಲ್ದಿದ್ರೆ ಎಲ್ಲಿಂದ ಬತ್ತದೆ?"

ಅತ್ತ ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಆಮೇಲೆ ಲಕ್ಕಮ್ಮನವರ ದನಿ ಕೇಳಿಸಿತು. "ರಾಚಪ್ಪ, ತಪ್ಪು ತಿಳ್ಕೋಬೇಡ. ಇದು ಇವರದ್ದೇ ಇರ್ಬೋದಾ?"

ಬೋರಣ್ಣನಿಗೂ ಸ್ವಂತ ಹಲ್ಲುಗಳಿವೆ ಎಂಬುದು ಅಲ್ಲಿಯವರೆಗೆ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಸ್ವತಃ ಅವರಿಗೂ ಹೊಳೆದಿರಲಿಲ್ಲ.

ಬುಧವಾರ ಬೆಳಿಗ್ಗೆ ಅವರು ಜೀವನದಲ್ಲಿ ಮೊದಲ ಸಲ ರೋಗಿಯಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಹಲ್ಲಿನ ಡಾಕ್ಟರು ಸರ್ವಮಂಗಳಮ್ಮ ನೋಡಿ, ಬಲಗಡೆ ಮೇಲಿನ ದವಡೆ ಹಲ್ಲಿನ ಬೇರಿನಲ್ಲಿ ಕೀವಾಗಿದೆ, ಔಷಧಿ ಕೊಡುತ್ತೇನೆ, ವಾಸಿಯಾಗಲು ಹತ್ತು ದಿನ ಬೇಕು ಎಂದರು. ಹೊಸ ಹೊರುವವನು ಇನ್ನೂ ಬಂದಿರಲಿಲ್ಲವಾದ್ದರಿಂದ ಊರಿನ ಹಲ್ಲುನೋವುಗಳನ್ನೆಲ್ಲ ಆಸ್ಪತ್ರೆಯಲ್ಲೇ ತಡೆಹಿಡಿದಿದ್ದರು. ಹೊರಗೆ ಬೆಂಚಿನ ಮೇಲೆ ಜನ ಕೆನ್ನೆಗೆ ಕೈ ಹಚ್ಚಿಕೊಂಡು ಸಾಲಾಗಿ ಕೂತಿದ್ದರು. ಆದರೂ ಬೋರಣ್ಣನ ಮೇಲಿನ ಗೌರವಕ್ಕೆ ಡಾಕ್ಟರಮ್ಮ ಅವರದೊಂದನ್ನು ಮಾತ್ರ ಕಳಿಸಿಯೇಬಿಟ್ಟರು. ಆ ಗೌರವವೇ ಎಡವಟ್ಟಾಯಿತು.

ನೋವು ನನ್ನಲ್ಲಿಗೆ ಬಂತು. ನಾಲ್ಕು ಸಂಗತಿಯೂ ಸರಿ ಇದ್ದವು. ಚುರುಕ್ ಎಂದಿತು, ದಾಟಿಸಿದೆ. ಸ್ವೀಕರಿಸಲಾಗಿದೆ ಎಂದು ಹೊರೆಮನೆಯಿಂದ ಉತ್ತರವೂ ಬಂತು. ಒಳ್ಳೆಯ ಮನುಷ್ಯನಿಗೆ ಒಳ್ಳೆಯದಾಯಿತು ಎಂದುಕೊಂಡು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಬೋರಣ್ಣ ಟವೆಲಿನಿಂದ ಕೆನ್ನೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಹೋಯ್ತು ರಾಚಪ್ಪ. ಸುಳ್ಳು ಹೇಳಬಾರ್ದು, ನಿಜವಾಗ್ಲೂ ಹೋಯ್ತು. ಎರಡು ಮೆಟ್ಲು ಇಳಿಯೋವಷ್ಟು ಹೊತ್ತು ಸ್ವರ್ಗದಲ್ಲಿದ್ದೆ. ಮೂರನೇ ಮೆಟ್ಲಲ್ಲಿ ಬಂದು ತಗಲಾಕ್ಕೊಂತು."

ಅವರ ಕೈಯಲ್ಲಿ ಒಂದು ಚೀಟಿ ಇತ್ತು. ನೋವು ಯಾರದು: ಚಿಕ್ಕಬೋರಯ್ಯ. ಹೊತ್ತವರು: ಚಿಕ್ಕಬೋರಯ್ಯ. ಕೆಳಗೆ, ತಮ್ಮ ಸೇವೆಗೆ ಧನ್ಯವಾದಗಳು ಎಂದಿತ್ತು.

ನನಗೆ ಆಗ ಅರ್ಥವಾಯಿತು. ಹೊರೆಮನೆಯ ಪಟ್ಟಿಯಲ್ಲಿ ಹಲ್ಲು ಎಂಬ ಸಾಲಿನ ಎದುರು ಇನ್ನೂ ಅವರ ಹೆಸರೇ ಇತ್ತು. ಅವರ ನೋವು ಅವರಿಂದ ಹೊರಟು, ಆಸ್ಪತ್ರೆ ದಾಟಿ, ನಮ್ಮನ್ನು ದಾಟಿ, ಹೊರೆಮನೆ ಹೊಕ್ಕು, ಅಲ್ಲಿಂದ ಕ್ರಮಬದ್ಧವಾಗಿ ಅವರಿಗೇ ಸೇರಿತ್ತು. ನಡುಮನೆಯ ಪ್ರಕಾರ ಎಲ್ಲವೂ ಸರಿಯಾಗಿತ್ತು. ಇನ್ನೊಮ್ಮೆ ಕಳಿಸಿ ನೋಡಿದೆವು. ಇದನ್ನು ಆಗಲೇ ಒಬ್ಬರು ಹೊರುತ್ತಿದ್ದಾರೆ ಎಂದು ಉತ್ತರ ಬಂತು.

ಗುರುವಾರ ನಾನೇ ರಜೆ ಹಾಕಿ ಬೋರಣ್ಣನ ಜೊತೆ ಹೊರೆಮನೆಗೆ ಹೋದೆ. ಅಲ್ಲಿಯ ಸೂಪರಿಂಟೆಂಡೆಂಟು ಮುದ್ದುವೀರಪ್ಪ ಕೆಟ್ಟ ಮನುಷ್ಯರೇನಲ್ಲ. ನಿಯಮದ ಪುಸ್ತಕ ಕೈಯಲ್ಲಿಲ್ಲದಿದ್ದರೆ ಒಳ್ಳೆಯವರೇ. ಆದರೆ ಅದು ಸದಾ ಅವರ ಕೈಯಲ್ಲಿರುತ್ತಿತ್ತು.

"ನೋಡಿ ಬೋರಯ್ಯನವರೇ, ಹೆಸರು ತೆಗೀಬೇಕು ಅಂದ್ರೆ ನಿಮ್ಮ ಮೈಮೇಲೆ ನೋವು ಸೊನ್ನೆ ಅಂತ ಮೆಷಿನ್ ತೋರಿಸ್ಬೇಕು. ನೀವು ಸೈನ್ ಹಾಕ್ಬೇಕು. ಈಗ ಮೆಷಿನ್ ಒಂದು ಅಂತ ತೋರಿಸ್ತಾ ಇದೆ."

"ಸ್ವಾಮಿ, ಆ ಒಂದು ನಂದೇ."

"ಯಾರದಾದ್ರೂ ಒಂದು ಒಂದೇ ಅಲ್ವಾ?" ಎಂದು ಮುದ್ದುವೀರಪ್ಪ ಕನ್ನಡಕ ಒರೆಸಿದರು. "ಅಷ್ಟೇ ಅಲ್ಲ, ನೋವು ಹೊರ್ತಾ ಇದೀರಿ ಅಂದ್ರೆ ಡ್ಯೂಟಿಲಿದೀರಿ ಅಂತ ಅರ್ಥ. ಡ್ಯೂಟಿಲಿರೋರು ಸೀಟಲ್ಲಿ ಯಾಕಿಲ್ಲ ಅಂತ ನಾನೇ ನಿಮ್ಮನ್ನ ಕೇಳ್ಬೇಕು. ಕೇಳ್ತಾ ಇಲ್ಲ, ಹಳೇ ಸ್ನೇಹ ಅಂತ."

ನಾನು ನಡುವೆ ಬಾಯಿ ಹಾಕಿದೆ. "ಸಾರ್, ನೋವು ಹೋಗ್ಬೇಕು ಅಂದ್ರೆ ಹೆಸರು ಹೋಗ್ಬೇಕು. ಹೆಸರು ಹೋಗ್ಬೇಕು ಅಂದ್ರೆ ನೋವು ಹೋಗ್ಬೇಕು. ಇದು ಹೆಂಗ್ ಸಾರ್?"

"ಕರೆಕ್ಟಾಗಿ ಹೇಳಿದ್ರಿ" ಎಂದರು ಅವರು, ಮೆಚ್ಚಿಕೊಂಡು. ಆಮೇಲೆ ಪುಸ್ತಕದ ಕೊನೆಯ ಹಾಳೆ ತೆರೆದು ತೋರಿಸಿದರು. ಪಟ್ಟಿ ತಿದ್ದುವುದು ವರ್ಷಕ್ಕೆ ಒಂದೇ ಸಲ, ಅದೂ ಈ ಶನಿವಾರ ಸಂಜೆ ನಾಲ್ಕಕ್ಕೆ. ಅಷ್ಟರೊಳಗೆ ಸೊನ್ನೆಯಾದರೆ ಹೊಸಬನ ಹೆಸರು ಸೇರುತ್ತದೆ. ಇಲ್ಲವಾದರೆ ಇನ್ನೊಂದು ವರ್ಷ ಊರಿನ ಹಲ್ಲುಗಳೆಲ್ಲ ಬೋರಣ್ಣನವೇ. ಆಸ್ಪತ್ರೆಯ ಬೆಂಚಿನ ಮೇಲೆ ಆಗಲೇ ಹದಿನಾಲ್ಕು ಜನ ಕಾಯುತ್ತಿದ್ದರು. ಮೆಟ್ಟಿಲಿಳಿಯುವಾಗ ಬೋರಣ್ಣ, "ಮುಂದಿನ ವರ್ಷಕ್ಕೆ ಅರವತ್ತೊಂದಾಗ್ತದೆ. ಆಗ ಕಚ್ಚಕ್ಕೆ ಹಲ್ಲಿರ್ತವೋ ಇಲ್ವೋ" ಎಂದರು.

ಶುಕ್ರವಾರ ಇಡೀ ದಿನ ಅವರು ನಮ್ಮ ನಡುಮನೆಯ ಬೆಂಚಿನ ಮೇಲೆ ಕೂತಿದ್ದರು. ಮನೆಯಲ್ಲಿ ಕೋಡುಬಳೆ ಡಬ್ಬಿಯ ಮುಖ ನೋಡಲಾಗುತ್ತಿಲ್ಲ ಎಂದರು. ಮಾತಿಗೆ ಮಾತು ಬಂದು, ತಾವು ಹೊತ್ತ ಹಲ್ಲುಗಳ ಕಥೆ ತೆಗೆದರು. ಹೊರುವವರಿಗೆ ಹೆಸರು ತಿಳಿಯುವುದಿಲ್ಲ, ಬರೀ ನಂಬರು. ಆದರೆ ಬೋರಣ್ಣನಿಗೆ ನಂಬರಿನ ಹಿಂದಿನ ಮನುಷ್ಯರು ಗೊತ್ತಾಗಿಬಿಡುತ್ತಿದ್ದರು.

"ಒಂದು ತಾಯಿ ಇತ್ತು ಕಣಪ್ಪ, ಯಾರೋ ಏನೋ. ಆಯಮ್ಮನ ನೋವು ಮೂರು ಸಲ ಬಂದೈತೆ ನನ್ ತಾವ. ಮೂರು ಸಲಾನೂ ಆ ಹಲ್ಲಿನ ಮೇಲೆ ಒಂದು ಅಗುಳು ಬೀಳಿಸ್ಲಿಲ್ಲ. ಆಚೆ ಕಡೇಲೇ ಅಗಿದು ಅಗಿದು ಉಂಡ್ಲು. ಎಲ್ಲೋ ಒಬ್ಬ ಹೊತ್ಕೊಂಡು ಕೂತವ್ನೆ ಅಂತ ಗ್ಯಾನ ಇತ್ತು ಆ ತಾಯಿಗೆ. ಅವಳ ಹೊಟ್ಟೆ ತಣ್ಣಗಿರ್ಲಿ."

"ಎಲ್ಲರೂ ಹಂಗಿರ್ತಾರಾ ಬೋರಣ್ಣ?" ಎಂದೆ, ಸುಮ್ಮನೆ.

"ಎಲ್ಲಾದ್ರೂ ಉಂಟಾ!" ಬೋರಣ್ಣ ಟವೆಲನ್ನು ಬಿಗಿ ಮಾಡಿಕೊಂಡರು. "ಎಂಟು ವರ್ಷದ ಕೆಳಗೆ ಒಬ್ಬ ಇದ್ದ. ಸಂಕ್ರಾಂತಿ ದಿನ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡ್ದ. ಸಿಗೀತಾನೆ, ಅಗೀತಾನೆ, ಉಗೀತಾನೆ, ತಿರ್ಗಾ ಸಿಗೀತಾನೆ. ಕಬ್ಬು ಅಂತ ನಂಗೆ ಆಗ್ಲೇ ಗೊತ್ತಾಯ್ತು. ಒಂದು ಜಲ್ಲೆ ಆಯ್ತು, ಸರಿ, ಹಬ್ಬ. ಎರಡನೇದೂ ಶುರು ಮಾಡ್ದ. ಮೂರನೇದು ಶುರು ಮಾಡ್ದಾಗ ನಾನು ಕಂಬ ತಬ್ಕೊಂಡು ಅತ್ಬುಟ್ಟೆ ರಾಚಪ್ಪ. ಲಕ್ಕಿ ಎಳ್ಳು ಬೆಲ್ಲ ತಂದು ಬಾಯಿಗೆ ಹಾಕಕ್ಕೆ ಬಂದ್ರೆ ತಳ್ಳಿಬುಟ್ಟೆ. ಅವಳನ್ನ ಅವತ್ತೊಂದು ದಿನವೇ ನಾನು ತಳ್ಳಿದ್ದು."

ನನ್ನ ಕಿವಿ ಬಿಸಿಯಾದವು. ಕಂಪ್ಯೂಟರಿನ ಕಡೆ ಮುಖ ತಿರುಗಿಸಿ, ಇಲ್ಲದ ಕೆಲಸವನ್ನು ಹುಡುಕಿದೆ. ಹತ್ತೊಂಬತ್ತು ವರ್ಷ ಊರಿನ ನೋವನ್ನೆಲ್ಲ ದಾಟಿಸಿದವನು ನಾನು. ಅದು ಹೋಗಿ ಸೇರುವ ಕಡೆ ಒಬ್ಬ ಮನುಷ್ಯ ಕಂಬ ತಬ್ಬಿಕೊಂಡಿರುತ್ತಾನೆ ಎಂದು ಒಂದು ದಿನವೂ ಅಂದುಕೊಂಡಿರಲಿಲ್ಲ.

ಶನಿವಾರ ಮೂರು ಗಂಟೆಗೆ ಸರ್ವಮಂಗಳಮ್ಮನವರಿಗೆ ಫೋನು ಮಾಡಿದೆ. "ಮೇಡಂ, ಬೋರಣ್ಣನ ನೋವನ್ನ ಆಸ್ಪತ್ರೆಗೆ ವಾಪಸ್ ಕರೆಸ್ಕೊಳ್ಳಿ."

"ಕರೆಸ್ಕೊಂಡ್ರೆ ರೋಗಿ ಅಂತ ಮತ್ತೆ ಅವರಿಗೇ ಹೋಗತ್ತಲ್ಲ ರಾಚಪ್ಪ?"

"ನಿಮ್ಮ ತಾವ ಬರೋಕೆ ಮುಂಚೆ ನಮ್ಮ ನಡುಮನೆ ದಾಟ್ಬೇಕಲ್ಲ ಮೇಡಂ. ಮಿಕ್ಕಿದ್ದು ನಂಗೆ ಬುಡಿ."

ಅವರು, "ಇನ್ನೂ ಆರು ದಿನ ಇದೆ ಅದು. ಗೊತ್ತಲ್ಲ?" ಎಂದರು. ಗೊತ್ತು ಎಂದೆ. ಬೋರಣ್ಣನನ್ನು ಪೆನ್ನು ಕೊಟ್ಟು ಮುದ್ದುವೀರಪ್ಪನವರ ಮೇಜಿನ ಮುಂದೆ ಕೂರಿಸಿ ಬಂದಿದ್ದೆ. ಮೆಷಿನ್ನಿನಲ್ಲಿ ಸೊನ್ನೆ ಕಂಡ ತಕ್ಷಣ ಏನೂ ಕೇಳದೆ ಸೈನ್ ಹಾಕಿಬಿಡಿ ಎಂದು ಮಾತ್ರ ಹೇಳಿದ್ದೆ.

ಮೂರೂವರೆಗೆ ನೋವು ವಾಪಸು ಹೊರಟಿತು. ನನ್ನಲ್ಲಿಗೆ ಬಂದ ಕೂಡಲೇ, ನಾನು ಎಂದೂ ಮುಟ್ಟದಿದ್ದ, ಧೂಳು ಕೂತಿದ್ದ ತಡೆಯುವ ಗುಂಡಿಯನ್ನು ಒತ್ತಿ ಹಿಡಿದೆ. ಒಂದು ಎನ್ನುವಾಗ ಸೊಳ್ಳೆಯಷ್ಟೇ ಇತ್ತು. ಎರಡಕ್ಕೆ ಚೇಳಾಯಿತು. ನಾಲ್ಕಕ್ಕೆ ಬಲಗಡೆಯ ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಆರಕ್ಕೆ, ಬಿಟ್ಟುಬಿಡು ರಾಚಪ್ಪ, ಹತ್ತೊಂಬತ್ತು ವರ್ಷದ ಹೆಸರು, ಮದುವೆ ಮನೆಗಳಲ್ಲಿ ಇನ್ನು ಏನು ಹೇಳಿಕೊಳ್ಳುತ್ತೀಯ ಎಂದು ಒಳಗಿನಿಂದ ಯಾರೋ ಬೈದರು. ಎಂಟಕ್ಕೆ ಕೈ ನಿಜವಾಗಿಯೂ ಸಡಿಲವಾಯಿತು, ಸುಳ್ಳು ಯಾಕೆ ಹೇಳಲಿ. ಒಂಬತ್ತಕ್ಕೆ ಲಕ್ಕಮ್ಮ ಎಳ್ಳು ಬೆಲ್ಲ ಹಿಡಿದುಕೊಂಡು ನಿಂತದ್ದು ಕಣ್ಣಿಗೆ ಕಟ್ಟಿತು. ಹತ್ತು. ಕಂಪ್ಯೂಟರು ಕುಯ್ ಎಂದು, ಹೊತ್ತವರು ಎಂಬಲ್ಲಿ ನನ್ನ ಹೆಸರು ಬರೆದುಕೊಂಡಿತು.

ಫೋನು ಬಡಿಯಿತು. ಮುದ್ದುವೀರಪ್ಪನವರು. "ರಾಚಪ್ಪ, ಸೊನ್ನೆ ಬಂತು ಕಣ್ರೀ! ಸೈನೂ ಹಾಕ್ಬಿಟ್ರು. ಅದೆಂಗ್ರೀ ಬಂತು?" ಗೊತ್ತಿಲ್ಲ ಸಾರ್ ಎನ್ನಲು ಹೋದೆ, ಬಾಯಿಂದ ಹಸು ಕೂಗಿದ ಹಾಗೆ ಒಂದು ಸದ್ದು ಬಂತು. ಅವರು ನಿಯಮದಲ್ಲಿ ಅದಕ್ಕೇನಿದೆಯೋ ನೋಡುತ್ತೇನೆ ಎಂದು ಫೋನಿಟ್ಟರು. ನಾಲ್ಕೂಕಾಲಿಗೆ ತಡೆಹಿಡಿದಿದ್ದ ಹಲ್ಲುನೋವುಗಳೆಲ್ಲ ಒಟ್ಟಿಗೆ ಹೊಸಬನಿಗೆ ಹೋದವು. ಅವನು ಕೂಗಿದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು ಎನ್ನುತ್ತಾರೆ. ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಸಂಜೆ ವಿಷಯ ತಿಳಿದ ಬೋರಣ್ಣ ಬಲವಂತ ಮಾಡಿ ಮನೆಗೆ ಕರೆದುಕೊಂಡು ಹೋದರು. ಈಗ ಟವೆಲು ನನ್ನ ಕೆನ್ನೆಗಿತ್ತು. ಲಕ್ಕಮ್ಮ ಹಜಾರದಲ್ಲಿ ಬೆಂಚು ಹಾಕಿ, ಲವಂಗ ಕೊಟ್ಟು, ಕೋಡುಬಳೆ ಡಬ್ಬಿಯನ್ನು ತಂದು ಗಂಡನ ಮುಂದಿಟ್ಟರು. ಬೋರಣ್ಣ ಒಂದನ್ನು ತೆಗೆದುಕೊಂಡರು. ಹೊರಳಿಸಿ ಹೊರಳಿಸಿ ನೋಡಿದರು. ಆಮೇಲೆ ನನ್ನನ್ನೊಮ್ಮೆ ನೋಡಿ, ಅದನ್ನು ಕಾಫಿ ಲೋಟದೊಳಗೆ ಮುಳುಗಿಸಿದರು.

"ನಿಮ್ಗೇನು ಬಂದೈತೆ?" ಎಂದು ಲಕ್ಕಮ್ಮ ಕೂಗಿಕೊಂಡರು. "ಮೂವತ್ತಾರು ವರ್ಷ ಕಾದು ಕಾದು, ಈಗ ಕಾಫಿಲಿ ನೆನೆಸ್ಕೊಂಡು ತಿಂತೀರಾ?"

"ಅಲ್ಲಿ ಅವ್ನು ಕೂತವ್ನೆ ಕಣೇ" ಎಂದರು ಬೋರಣ್ಣ, ಮೆಲ್ಲಗೆ. "ಆರು ದಿನ ತಾನೆ. ಎಡಗಡೇಲಿ ಮೆತ್ತಗೆ ತಿಂತೀನಿ. ಇಷ್ಟು ಕಾದೋನಿಗೆ ಆರು ದಿನ ಏನು ಮಹಾ."

ಹಲ್ಲಿನ ನೋವನ್ನು ತಡೆದುಕೊಂಡಿದ್ದೆ. ಇದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಟವೆಲು ಬಿಚ್ಚಿ, "ಬೋರಣ್ಣ, ಆ ಕಬ್ಬು ನಂದು" ಎಂದೆ.

ಲಕ್ಕಮ್ಮ ಲವಂಗದ ಡಬ್ಬಿಯ ಮುಚ್ಚಳ ಹಾಕಿದರು. ಬೋರಣ್ಣ ನೆನೆದ ಕೋಡುಬಳೆಯನ್ನು ಲೋಟದಿಂದ ತೆಗೆದು ತಟ್ಟೆಯ ಅಂಚಿಗಿಟ್ಟರು. ಡಬ್ಬಿಗೆ ಕೈ ಹಾಕಿ, ನಾಲ್ಕೈದನ್ನು ಸರಿಸಿ, ಚೆನ್ನಾಗಿ ಕೆಂಪಗೆ ಕರಿದದ್ದೊಂದನ್ನು ಆರಿಸಿಕೊಂಡರು. ತಟ್ಟೆಗೆ ಬಡಿದು ನೋಡಿದರು. ಟಣ್ ಎಂದಿತು.

"ಎರಡು ಜಲ್ಲೆ ಅಲ್ವಾ?"

"ಎರಡೂವರೆ" ಎಂದೆ. ಇನ್ನು ಸುಳ್ಳು ಹೇಳಿ ಯಾವ ಪ್ರಯೋಜನವೂ ಇರಲಿಲ್ಲ.

ಅವರು ಕೋಡುಬಳೆಯನ್ನು ಬಾಯಿಗಿಟ್ಟು, ನಾಲಿಗೆಯಿಂದ ನಿಧಾನವಾಗಿ ಬಲಗಡೆಗೆ ತಳ್ಳಿಕೊಂಡರು. ತುಂಬಿದ ಬಾಯಲ್ಲೇ, "ಹಿಡ್ಕೊಂಡಿದೀಯಾ?" ಎಂದರು.

ನಾನು ಎರಡೂ ಕೈಯಲ್ಲಿ ಬೆಂಚನ್ನು ಹಿಡಿದುಕೊಂಡೆ. "ಹಿಡ್ಕೊಂಡಿದೀನಿ ಬೋರಣ್ಣ. ಕಚ್ಚಿ."

ಕಟುಂ ಎಂದಿತು. ಬೆಂಚು ನನ್ನ ಸಮೇತ ಒಂದು ಗೇಣು ಮೇಲೆದ್ದು ಕೆಳಗೆ ಬಿತ್ತು. ನಾನು ಅವರ ಮನೆದೇವರ ಹೆಸರನ್ನೂ ನಮ್ಮ ಮನೆದೇವರ ಹೆಸರನ್ನೂ ಒಟ್ಟಿಗೆ ಕೂಗಿದೆನಂತೆ. ನೀರು ತುಂಬಿದ ಕಣ್ಣನ್ನು ಒರೆಸಿಕೊಂಡು ನೋಡಿದರೆ, ಬೋರಣ್ಣ ಉಳಿದ ತುಂಡನ್ನು ಆಗಲೇ ಎಡಗಡೆಗೆ ಹಾಕಿಕೊಂಡು ಮೆಲ್ಲಗೆ ಅಗಿಯುತ್ತಿದ್ದರು.

"ಒಂದ್ಸಲ ಸಾಕು ಬುಡು" ಎಂದರು.